ಕಾರು ಕುದಿದ ಬಗ್ಗೆ ಸಮಜಾಯಿಷಿ

ಹಿರಿಯೂರು
ಭಾನುವಾರ, 4 ಜುಲೈ 1976

ಇಂದಿನಿಂದ ದಿನಚರಿ. ಉದ್ದೇಶ ಒಂದೇ: ನಾನು ಕೈಗೊಳ್ಳಲಿರುವ ಯಾಂತ್ರಿಕ ಕೆಲಸಕ್ಕೆ ವೈಜ್ಞಾನಿಕ ದಾಖಲೆ ಇರಬೇಕು. ಮನೆಯ ಮಾತು ಇದರಲ್ಲಿ ಬರಕೂಡದೆಂದು ಮೊದಲೇ ತೀರ್ಮಾನಿಸಿದ್ದೇನೆ.

ದಾಖಲೆ ಎಂದಮೇಲೆ ಬರೆಯುವವನ ಹೆಸರೂ ಇರಲಿ. ಓಬಳೇಶಪ್ಪ, ಮೂವತ್ತೆಂಟು ವರ್ಷ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಈ ಊರಿನ ಮೇಷ್ಟ್ರುಗಳಲ್ಲಿ ಕಾರಿರುವವನು ನಾನೊಬ್ಬನೇ. ಮಾರಿಕಣಿವೆ ಅಣೆಕಟ್ಟಿನಲ್ಲಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೇ ಹಸಿರು ಕಾರನ್ನು ನನಗೆ ಮಾರಿದರು. ಎಂಜಿನ್ ಬಗ್ಗೆ ನಾನು ಕೇಳಿದ ಪ್ರಶ್ನೆಗಳಿಗೆ ಅವರು ಉತ್ತರ ಹೇಳಲಾರದೆ ನಕ್ಕುಬಿಟ್ಟರು.

ಜೂನ್ ಒಂದರಿಂದ ನನ್ನ ಹೆಂಡತಿ ಚಂದ್ರಕ್ಕ ಧರ್ಮಪುರದ ಪ್ರಾಥಮಿಕ ಶಾಲೆಗೆ ಟೀಚರಾಗಿ ಹೋಗುತ್ತಿದ್ದಾಳೆ. ಟ್ರೈನಿಂಗ್ ಮುಗಿಸಿ ಏಳು ವರ್ಷ ಸರ್ಟಿಫಿಕೇಟನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಳು. ನಾನೇನೂ ನೌಕರಿ ಬೇಡ ಎಂದಿರಲಿಲ್ಲ. ಈಗ ಬೇಡ ಎನ್ನುತ್ತಿದ್ದೆ, ಅಷ್ಟೆ. ಮಗಳು ಶಾಲೆಗೆ ಹೋಗುವಂತಾದ ಮೇಲೆ ಕೇಳುವುದನ್ನು ಬಿಟ್ಟು ಅರ್ಜಿ ಹಾಕಿದಳು, ಆರ್ಡರು ಬಂತು. ಒಂದು ವರ್ಷ ಪರೀಕ್ಷಾವಧಿ. ತುರ್ತು ಪರಿಸ್ಥಿತಿ ಬಂದಾಗಿನಿಂದ ಹಾಜರಿ ವಿಷಯದಲ್ಲಿ ಎಲ್ಲೆಲ್ಲೂ ಬಿಗಿ. ಮೂರು ಸಲ ತಡವಾದರೆ ಮನೆಗೆ ಕಳಿಸುತ್ತಾರೆ.

ಬೆಳಿಗ್ಗೆ ಏಳಕ್ಕೆ ಧರ್ಮಪುರದ ಬಸ್ಸಿದೆ, ನಿಜ. ಆದರೆ ಕಾರಿರುವವನ ಹೆಂಡತಿ ಬಸ್ಸಿನಲ್ಲಿ ಕೋಳಿಬುಟ್ಟಿಯ ಪಕ್ಕ ನಿಂತು ಹೋದರೆ ಜನ ಕಾರಿನ ಬಗ್ಗೆ ಏನೆಂದುಕೊಂಡಾರು? ಎಂಟಕ್ಕೆ ಹೊರಟು ಅವಳನ್ನು ಬಿಟ್ಟು ಹತ್ತೂವರೆಗೆ ನನ್ನ ಶಾಲೆಗೆ ಬಂದುಬಿಡುತ್ತೇನೆ. ಸಂಜೆ ಅವಳು ಬಸ್ಸಿಗೇ ಬರುತ್ತಾಳೆ. ಸಂಜೆ ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಇದುವರೆಗೆ ಕಾರು ದಾರಿಯಲ್ಲಿ ಎರಡು ಸಲ ಕುದಿದಿದೆ. ಎರಡು ಸಲವೂ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತು ಬಿದ್ದಿದೆ. "ಇನ್ನೊಂದ್ ಬಿದ್ರೆ ನನ್ ಕೈಯಾಗೆ ಇಲ್ಲ ಅಂತ ಹೆಡ್‌ಮೇಷ್ಟ್ರು ಅಂದ್ರು ಕಣ್ರಿ" ಎಂದು ಮಧ್ಯಾಹ್ನ ಮುದ್ದೆ ಬಡಿಸುತ್ತಾ ಹೇಳಿದಳು. ಎಂಜಿನ್ ಬಗ್ಗೆ ಯೋಚಿಸುತ್ತಿದ್ದೇನೆ ಎಂದೆ.

ಮಂಗಳವಾರ, 6 ಜುಲೈ

ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಮರದ ಕೆಳಗೆ ಮೆಕ್ಯಾನಿಕ್ ಚಿತ್ತಯ್ಯನ ವರ್ಕ್‌ಶಾಪು. ಗೋಡೆ ಇಲ್ಲ, ಬೋರ್ಡಿದೆ. ನಾನು ತೊಂದರೆಯನ್ನು ಮೊದಲಿನಿಂದ ವಿವರಿಸುತ್ತಿರುವಾಗಲೇ ಅವನು ಮೂರು ನಟ್ಟು ಬಿಚ್ಚಿ, ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ ಎತ್ತಿ, ಒಳಗಿನಿಂದ ಹಳದಿ ಮೆತ್ತಿದ ಬಿಲ್ಲೆಯೊಂದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಥರ್ಮೋಸ್ಟಾಟು ಕಚ್ಕಂಡ್ಬಿಟ್ಟೈತೆ ಮೇಷ್ಟ್ರೇ. ಅರಿಶ್ಣ ಎಷ್ಟ್ ಹಾಕಿದ್ರಿ?"

ರೇಡಿಯೇಟರು ಸೋರಿದರೆ ಒಂದು ಚಮಚ ಅರಿಶಿನಪುಡಿ ಹಾಕುವುದು ಈ ಕಡೆಯ ಪದ್ಧತಿ. ಪುಡಿ ನೀರಿನ ಜೊತೆ ಹೋಗಿ ತೂತಿನಲ್ಲಿ ಕೂತು ಸೋರಿಕೆ ನಿಲ್ಲಿಸುತ್ತದೆ. ಮೇ ತಿಂಗಳಲ್ಲಿ ಚಿತ್ತಯ್ಯ ಹೇಳಿದ್ದೂ ಒಂದು ಚಮಚವೇ. ಆದರೆ ನಮ್ಮವ್ವ ಮಲ್ಲಕ್ಕ, ಮಂಗಳದ ವಸ್ತುವನ್ನು ಚಮಚದಲ್ಲಿ ಜಿಪುಣತನದಿಂದ ಅಳೆಯಬಾರದೆಂದು ಒಂದು ಬಟ್ಟಲು ಸುರಿದು, ಬಾನೆಟ್ಟಿಗೆ ಕೈಮುಗಿದಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ ಎಂಬುದನ್ನು ಚಿತ್ತಯ್ಯನಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಥರ್ಮೋಸ್ಟಾಟ್ ಎಂದರೆ ಒಂದು ಪುಟ್ಟ ಬಾಗಿಲು. ಎಂಜಿನ್ನಿನ ನೀರು ತಕ್ಕಷ್ಟು ಬಿಸಿಯಾಗುವ ತನಕ ರೇಡಿಯೇಟರಿನ ದಾರಿಯನ್ನು ಮುಚ್ಚಿಡುತ್ತದೆ. ಬಿಸಿಯಾದಮೇಲೆ ತಾನಾಗಿ ತೆರೆದು ನೀರನ್ನು ತಣ್ಣಗಾಗಲು ಬಿಡುತ್ತದೆ. ನಮ್ಮದು ಅರಿಶಿನ ತಿಂದು ಮುಚ್ಚಿದ್ದು ಮುಚ್ಚಿದ ಹಾಗೇ ಉಳಿದಿದೆ.

"ಇದನ್ನ ಬಿಸಾಕ್ಬಿಡಾಣ ಬಿಡ್ರಿ" ಎಂದ ಚಿತ್ತಯ್ಯ. "ನಮ್ ಬಿಸ್ಲಿಗೆ ಇದ್ಯಾಕ್ರಿ? ಚಳಿ ದೇಶದೋರು ಮಾಡ್ಕಂಡಿರಾದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲೆಲ್ಲಿ ನನ್ ಕೈ ಆಡೈತೋ ಅಲ್ಲೊಂದು ಗಾಡಿಗೂ ಇದಿಲ್ಲ. ಬರೇ ಮುಚ್ಚಳ ಕೂರ್ಸಿ ಕೊಡ್ತೀನಿ, ನಾಳೆ ಬೆಳಿಗ್ಗೆ ಅಕ್ಕಾರನ್ನ ಕರ್ಕಂಡ್ ಹೋಗ್ರಿ."

ಪ್ರತಿ ಎಂಜಿನ್ನಿಗೂ ಒಂದು ಆದರ್ಶ ಉಷ್ಣಾಂಶವಿದೆ, ಅದಕ್ಕಿಂತ ತಣ್ಣಗಿದ್ದರೂ ಸವೆಯುತ್ತದೆ ಎಂದು ನಾನು ಅವನಿಗೆ ತಿಳಿಸಿ ಹೇಳಿದೆ. ಅವನು ಒಂದು ಬೀಡಿ ಹಚ್ಚಿ, ಅದು ಮುಗಿಯುವ ತನಕ ಕೇಳಿ, ಎದ್ದು ಹೋದ.

ಬೆಂಗಳೂರಿನ ಅಂಗಡಿಗೆ ಹೊಸ ಥರ್ಮೋಸ್ಟಾಟಿಗಾಗಿ ಕಾಗದ ಹಾಕಿದ್ದೇನೆ. ಬಂದಮೇಲೆ ಮನೆಯಲ್ಲಿ ನಾನೇ ಕೂರಿಸುವುದು. ಅದು ಬರುವ ತನಕ ಕಾರು ಅಲುಗಕೂಡದು. ಇರಬೇಕಾದ್ದು ಇಲ್ಲದ ಎಂಜಿನ್ ಓಡಿಸುವುದು ನಾನು ಓದಿದ್ದಕ್ಕೆ ಅವಮಾನ. ಅಲ್ಲಿಯ ತನಕ ಬಸ್ಸಿನಲ್ಲಿ ಹೋಗಲು ಚಂದ್ರಕ್ಕನಿಗೆ ಅನುಮತಿ ಕೊಟ್ಟೆ. ಏಳರ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳಹೊರಟರೆ ಅವಳಿಗೆ ಆಗಲೇ ಗೊತ್ತಿತ್ತು.

ಶನಿವಾರ, 17 ಜುಲೈ

ಪಾರ್ಸೆಲ್ ಇಲ್ಲ. ಅಂಚೆಯವನಿಗೆ ನನ್ನ ಮುಖ ಕಂಡರೆ ಈಗ ಸೈಕಲ್ಲಿನ ವೇಗ ಹೆಚ್ಚಾಗುತ್ತದೆ.

ಕಾರಿಗೆ ಗೋಣಿತಾಟು ಹೊದಿಸಿದ್ದೇನೆ. ಬಸ್ಸುಗಳು ಮಾತ್ರ ಈ ವರ್ಷ ಗಡಿಯಾರ ನೋಡಿಕೊಂಡು ಓಡುತ್ತಿವೆ. ದೇಶದಲ್ಲಿ ತನ್ನಿಷ್ಟ ಬಂದಂತೆ ಇರುವ ಸ್ವಾತಂತ್ರ್ಯ ಉಳಿದಿರುವುದು ನನ್ನ ಕಾರಿಗೊಂದೇ.

ಚಂದ್ರಕ್ಕನಿಗೆ ಕಂಡಕ್ಟರು ಕಿಟಕಿ ಪಕ್ಕದ ಸೀಟು ಹಿಡಿದಿಡುತ್ತಾನಂತೆ. ದಾರಿಯಲ್ಲಿ ಮಕ್ಕಳ ಕಾಪಿ ಪುಸ್ತಕ ತಿದ್ದಿ ಮುಗಿಸುತ್ತಾಳಂತೆ. ಮೊನ್ನೆ ರಾಗಿ ಬೀಸುತ್ತಿದ್ದಾಗ ಮಗ್ಗಿಯನ್ನು ಹಾಡಿನ ಧಾಟಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಎರಡನೇ ಕ್ಲಾಸಿನವರಿಗೆ ಹೀಗೆ ಹೇಳಿಕೊಟ್ಟರೆ ಬೇಗ ಬರುತ್ತದೆ ಎಂದಳು. ಮಗ್ಗಿಗೆ ಧಾಟಿ ಯಾತಕ್ಕೆ, ಅರ್ಥವಾದರೆ ಸಾಕು ಎಂದೆ. ಹಾಡುವುದು ನಿಂತಿತು. ನನಗೆ ಪಾರ್ಸೆಲ್ಲಿನ ಚಿಂತೆ.

ಭಾನುವಾರ, 25 ಜುಲೈ

ನಿನ್ನೆ ಬಂತು! ರಟ್ಟಿನ ಡಬ್ಬಿ, ಎಣ್ಣೆ ಕಾಗದ, ಒಳಗೆ ಹಿತ್ತಾಳೆಯಂತೆ ಹೊಳೆಯುವ ಬಿಲ್ಲೆ. ಒಂದು ಮಗ್ಗುಲಿಗೆ ಗುಂಡಗಿನ ಬಲ್ಬು ಮತ್ತು ಸ್ಪ್ರಿಂಗು, ಇನ್ನೊಂದು ಮಗ್ಗುಲು ಚಪ್ಪಟೆ. ಅಂಚಿನಲ್ಲಿ 82 ಎಂದು ಕೊರೆದಿದೆ. ಎಂಬತ್ತೆರಡು ಡಿಗ್ರಿಗೆ ತೆರೆಯಬೇಕು.

ತಯಾರಿಸಿದವರು ಹೇಳಿದರೆಂದು ನಂಬುವ ಜಾತಿಯಲ್ಲ ನಾನು. ಶಾಲೆಯ ಪ್ರಯೋಗಾಲಯದಿಂದ ಥರ್ಮಾಮೀಟರು ತಂದಿದ್ದೆ. ಒಲೆಯ ಮೇಲೆ ಹಾಲು ಕಾಯಿಸುವ ಪಾತ್ರೆಗೆ ನೀರು ಹಾಕಿ, ಬಿಲ್ಲೆಗೆ ದಾರ ಕಟ್ಟಿ ಇಳಿಬಿಟ್ಟೆ. ಎಪ್ಪತ್ತು. ಎಂಬತ್ತು. ಎಂಬತ್ತೈದು. ತೆರೆಯಲಿಲ್ಲ. ಬೆಂಗಳೂರಿನವರು ಮೋಸ ಮಾಡಿದರೆಂದು ನಾನು ಕಾಗದ ಬರೆಯಲು ಎದ್ದೆ.

ಚಂದ್ರಕ್ಕ ಪಲ್ಯಕ್ಕೆ ಒಲೆ ಬಿಡುವುದನ್ನೇ ಕಾಯುತ್ತಾ ನಿಂತಿದ್ದವಳು, "ಈ ಗುಂಡಂದು ನೀರಿಂದ ಮ್ಯಾಲೈತಲ್ರಿ" ಎಂದು ಸೌಟಿನ ತುದಿಯಿಂದ ಬಿಲ್ಲೆಯನ್ನು ತಿರುವಿ ಹಾಕಿದಳು. ಬಲ್ಬು ಮುಳುಗಿತು. ನೋಡುತ್ತಿದ್ದಂತೆಯೇ ಬಾಗಿಲು ತೆರೆಯಿತು.

"ಬಿಸಿ ಆ ಗುಂಡನ್ನ ತಾಕಿದ್ರೇನೇ ಬಾಯ್ ಬಿಡಾದು" ಎಂದಳು.

ನೀರು ಆಗತಾನೇ ಸರಿಯಾದ ಉಷ್ಣಾಂಶಕ್ಕೆ ಬಂದಿತ್ತು, ಕಾಕತಾಳೀಯ ಎಂದು ವಿವರಿಸಿದೆ. ಪ್ರಯೋಗ ಯಶಸ್ವಿ. ಹಾಲಿನ ಪಾತ್ರೆಯಲ್ಲಿ ಎಂಜಿನ್ ಬೇಯಿಸಿದ್ದಕ್ಕಾಗಿ ಅವ್ವ ಆ ಪಾತ್ರೆಯನ್ನು ಹಿತ್ತಲಿಗೆ ಹಾಕಿದ್ದಾಳೆ.

ಭಾನುವಾರ, 1 ಆಗಸ್ಟ್

ಇಂದು ಕೂರಿಸಿದೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ. ಚಿತ್ತಯ್ಯ ಇದನ್ನು ಕಾಲುಗಂಟೆಯ ಕೆಲಸ ಎಂದಿದ್ದ. ಅವನು ಟಿಪ್ಪಣಿ ಮಾಡಿಕೊಳ್ಳುವುದಿಲ್ಲವಲ್ಲ.

ನೀರು ಬಸಿದೆ. ಅಂಗಳವೆಲ್ಲ ಹಳದಿಯಾಯಿತು. ಹಾದಿಯಲ್ಲಿ ಹೋಗುತ್ತಿದ್ದ ನಿಂಗಕ್ಕ "ಮನ್ಯಾಗೆ ಏನ್ ಶುಭಕಾರ್ಯ?" ಎಂದು ಒಳಗೇ ಬಂದು, ಕಾಫಿ ಕುಡಿದು ಹೋದಳು. ಮುಚ್ಚಳದ ಕೆಳಗೆ ಹಾಕುವ ರಟ್ಟಿನ ಪಟ್ಟಿ ಹರಿದಿತ್ತು. ಯಾರದೋ ದಪ್ಪ ಲಗ್ನಪತ್ರಿಕೆಯನ್ನು ಅದೇ ಆಕಾರಕ್ಕೆ ಕತ್ತರಿಸಿ, ಗ್ರೀಸು ಹಚ್ಚಿದೆ. ಈ ಉಪಾಯಕ್ಕೆ ನಾನೇ ನನ್ನನ್ನು ಮೆಚ್ಚಿಕೊಂಡೆ.

ಇನ್ನು ಬಿಲ್ಲೆಯ ದಿಕ್ಕು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಆ ಪುಟ ಇಲ್ಲ. ಆದರೆ ತಿಳಿದವನಿಗೆ ಪುಸ್ತಕ ಯಾಕೆ? ಬಿಸಿ ನೀರು ಮೇಲಕ್ಕೆ ಏರುತ್ತದೆ, ಎಂಟನೇ ತರಗತಿಯ ಪಾಠ. ಹಾಗಾದರೆ ಶಾಖವನ್ನು ಗುರುತಿಸುವ ಬಲ್ಬು ಎಲ್ಲಿರಬೇಕು? ಮೇಲೆ. ಸ್ವಯಂಸಿದ್ಧ.

"ಗುಂಡಂದು ಕೆಳೀಕೆ, ಎಂಜಿನ್ ಕಡೀಕ್ ಬರ್ಬೇಕಲ್ವೇನ್ರಿ?" ಎಂದಳು ಚಂದ್ರಕ್ಕ, ಬಟ್ಟೆ ಒಣಗಹಾಕುತ್ತಾ. "ಅವತ್ತು ಪಾತ್ರೆಯಾಗೆ ಅದು ಬಿಸಿನೀರಾಗ್ ಮುಳುಗಿದ್ಮೇಲೆ ತಾನೇ..."

"ಪಾತ್ರೆ ಬೇರೆ, ಎಂಜಿನ್ ಬೇರೆ."

ಬಲ್ಬು ಮೇಲೆ ಮಾಡಿದಾಗ ಮುಚ್ಚಳ ಸ್ವಲ್ಪ ಬಿಗಿಯಾಯಿತು. ಸುತ್ತಿಗೆಯಿಂದ ಎರಡು ಏಟು ಹಾಕಿದೆ, ಕೂತಿತು. ವೇದಾವತಿ ಸೇತುವೆ ತನಕ ಹೋಗಿ ಬಂದೆ. ಉಷ್ಣಾಂಶದ ಮುಳ್ಳು ಬಲಕ್ಕೆ ಬಹಳ ವಾಲಿತ್ತು. ಹೊಸ ಸಾಮಾನು ಹೊಂದಿಕೊಳ್ಳಲು ಎರಡು ದಿನ ಬೇಕು.

ಬುಧವಾರ, 4 ಆಗಸ್ಟ್

ನಾಳೆ ಬೆಳಿಗ್ಗೆ ಧರ್ಮಪುರದ ಶಾಲೆಗೆ ದುರ್ಗದಿಂದ ತಪಾಸಣೆಯ ಸಾಹೇಬರು ಬರುತ್ತಾರೆ. ಚಂದ್ರಕ್ಕನ ಪಾಠ ನೋಡಿ ವರದಿ ಬರೆಯುತ್ತಾರೆ. ಆ ವರದಿ ಚೆನ್ನಾಗಿದ್ದರೆ ಎರಡು ಕೆಂಪು ಗುರುತು ಲೆಕ್ಕಕ್ಕಿಲ್ಲ, ವರ್ಷ ತುಂಬಿದ ಮೇಲೆ ಕಾಯಂ. ಅವಳು ಮೂರು ದಿನದಿಂದ ರಟ್ಟಿನ ಹಣ್ಣು, ರಟ್ಟಿನ ಹಕ್ಕಿ ಕತ್ತರಿಸಿ ಬಣ್ಣ ಹಚ್ಚುತ್ತಿದ್ದಾಳೆ. ಪಾಠದ ಟಿಪ್ಪಣಿಯನ್ನು ಎರಡು ಸಲ ಚೊಕ್ಕವಾಗಿ ಬರೆದಿದ್ದಾಳೆ.

ನಾಳೆ ಕಾರಿನಲ್ಲೇ ಎಂದೆ.

"ನಾಳೆ ಒಂದಿನ ಬಸ್ಸಿಗೋಗ್ತೀನಿ ಕಣ್ರಿ. ನಾಡಿದ್ದಿಂದ ನೀವು ಹೇಳಿದಂಗೆ."

ನಾಡಿದ್ದಿನಿಂದ! ಒಂದು ತಿಂಗಳು ಕಾದು, ತರಿಸಿ, ಪರೀಕ್ಷಿಸಿ, ಕೈಯಾರೆ ಕೂರಿಸಿದ್ದು ನಾಡಿದ್ದಿಗಲ್ಲ. ಸಾಹೇಬರು ನೋಡುವ ದಿನವೇ ಶಾಲೆಯ ಮುಂದೆ ಕಾರಿನಿಂದ ಇಳಿಯಬೇಕು. ಅವಳ ಗೌರವಕ್ಕೇ ಹೇಳುತ್ತಿದ್ದೇನೆ. ಅವಳು ಹೋಗಿ ಅಲಾರಾಂ ಐದೂವರೆಗೆ ಇಟ್ಟಳು.

ಗುರುವಾರ, 5 ಆಗಸ್ಟ್

ಕುದಿಯಿತು.

ಭಾನುವಾರ, 8 ಆಗಸ್ಟ್

ದಾಖಲೆಯಲ್ಲಿ ಅಂತರ ಇರಬಾರದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಆರೂವರೆಗೇ ಅವಳು ಸೀರೆ ಉಟ್ಟು ಸಿದ್ಧಳಾಗಿ ಬಾಗಿಲಿಗೆ ಬಂದಳು. ಟಿಪ್ಪಣಿ ಪುಸ್ತಕ, ರಟ್ಟಿನ ಹಕ್ಕಿಗಳೆಲ್ಲ ಇದ್ದ ಚೀಲ ಆಗ ಕಾರಿನ ಹಿಂದಿನ ಸೀಟಿನ ಮೇಲಿತ್ತು, ಕಾರಿಗೆ ಬೀಗ ಹಾಕಿತ್ತು. ಹಾಕಿದವನು ನಾನೇ. ತಮಾಷೆಗೆ. ಅವಳು "ಕೀಲಿಕೈ ಕೊಡ್ರಿ" ಎಂದು ಮೂರು ಸಲ ಕೇಳಿದಳು. ನಾನು ಹಲ್ಲುಜ್ಜುತ್ತಿದ್ದೆ. ಏಳರ ಬಸ್ಸು ಹೋದ ಸದ್ದು ಮನೆಗೆ ಕೇಳಿಸಿತು.

ಎಂಟಕ್ಕೆ ಹೊರಟೆವು. ಎಂಟೂ ನಲವತ್ತಕ್ಕೆ ಬಾನೆಟ್ಟಿನಿಂದ ಹಬೆ. ಸುತ್ತಮುತ್ತ ಊರಿಲ್ಲ, ಮರ ಇಲ್ಲ. ತಣ್ಣಗಾಗಲು ಬಿಟ್ಟು, ಇದ್ದ ನೀರು ಹಾಕಿ ಮತ್ತೆ ಹೊರಟೆ. ಎರಡು ಮೈಲಿಗೆ ಮತ್ತೆ ಹಬೆ. ಚಂದ್ರಕ್ಕ ಕೆಳಗಿಳಿದು, ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿಗೆ ಹೋಗುವ ದಪ್ಪ ಪೈಪು ಮುಟ್ಟಿದಳು. ಆಮೇಲೆ ಸೆರಗು ತೆಗೆದು ಬರಿಗೈಯಲ್ಲೇ ಮುಟ್ಟಿದಳು.

"ಎಂಜಿನ್ ಸುಡ್ತೈತೆ, ಪೈಪು ತಣ್ಣಗೈತೆ. ಬಿಸಿ ಈ ಕಡೀಗೆ ಬಂದೇ ಇಲ್ಲ. ಬಾಗ್ಲು ತೆರ್ದಿಲ್ಲ ಕಣ್ರಿ."

ವಾದ ಮಾಡುವ ಹೊತ್ತಲ್ಲ ಇದು ಎಂದೆ.

ಒಂದು ಮೋಟಾರು ಸೈಕಲ್ಲು, ಎರಡು ಎತ್ತಿನ ಗಾಡಿ ಬಿಟ್ಟರೆ ಯಾರೂ ಬರಲಿಲ್ಲ. ಹತ್ತೂ ಮುಕ್ಕಾಲಿಗೆ ಕುರಿಮಂದೆ ಹೊಡೆದುಕೊಂಡು ಕಾಟಯ್ಯ ಎಂಬ ಮುದುಕ ಬಂದ. ಕುರಿಗಳಿಗೆಂದು ಇಟ್ಟುಕೊಂಡಿದ್ದ ನೀರು ಕೊಡಲು ಬಂದವನಿಗೆ ನಾನು ಥರ್ಮೋಸ್ಟಾಟ್ ಎಂದರೇನೆಂದು ಹೇಳತೊಡಗಿದೆ. ಅವನು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ, "ನೀನೆಲ್ಲಿಗ್ ಹೋಗ್ಬೇಕವ್ವಾ?" ಎಂದ. ಬೆಳಿಗ್ಗೆಯಿಂದ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ಈಗ ಬರೆಯುವಾಗ ಹೊಳೆಯಿತು.

ದೂರದಲ್ಲಿ ಗೊಬ್ಬರದ ಲಾರಿ ಕಂಡಿತು. ಕೈ ಅಡ್ಡ ಹಾಕಿದರೆ ನಿಲ್ಲಿಸುವ ಪೈಕಿ ಅಲ್ಲ. ಕಾಟಯ್ಯ ಬಾಯಲ್ಲಿ ಅದೇನೋ ಸದ್ದು ಮಾಡಿ ನೂರು ಕುರಿಗಳನ್ನೂ ರಸ್ತೆಗೆ ಅಡ್ಡ ತಂದು ನಿಲ್ಲಿಸಿದ. ಡ್ರೈವರು ಬೈಯುತ್ತಾ ಬ್ರೇಕು ಹಾಕಿದ. "ಮೇಡಮ್ಮಾರನ್ನ ಹತ್ತಿಸ್ಕಂಡ್ರೆ ಕುರಿ ಎಬ್ಬಿಸ್ತೀನಿ" ಎಂದ ಕಾಟಯ್ಯ. ನಾನು ಹಿಂದಿನ ಬಾಗಿಲ ಬೀಗ ತೆಗೆದೆ. ಅವಳು ಚೀಲ ತೆಗೆದುಕೊಂಡು ಗೊಬ್ಬರದ ಮೂಟೆಗಳ ಮೇಲೆ ಹತ್ತಿ ಕೂತಳು. ನನ್ನ ಕಡೆ ನೋಡಲಿಲ್ಲ. ಕಾರನ್ನು ಆಮೇಲೆ ಎತ್ತು ಕಟ್ಟಿ ಎಳೆಸಿ ತಂದೆ.

ಅವಳು ಶಾಲೆಗೆ ಹೋದಾಗ ಹನ್ನೊಂದೂ ಐವತ್ತು. ಸಾಹೇಬರು ಹನ್ನೊಂದೂವರೆಗೆ ಎದ್ದು ಹೋಗಿದ್ದರು. ಅವರ ಜೀಪು ಬೇರೆ ದಾರಿಯಿಂದ ಹತ್ತೂ ಕಾಲಿಗೇ ಬಂದಿತ್ತಂತೆ. ಆ ಜೀಪಿನ ಥರ್ಮೋಸ್ಟಾಟನ್ನು ಚಿತ್ತಯ್ಯ ಹೋದ ವರ್ಷವೇ ಕಿತ್ತು ಬಿಸಾಕಿದ್ದಾನೆ. ಅವನೇ ಹೇಳಿದ.

ಬುಧವಾರ, 11 ಆಗಸ್ಟ್

ಮೆಮೊ ಬಂತು. ತಪಾಸಣೆಯ ದಿನ ಹೊತ್ತಿಗೆ ಹಾಜರಿಲ್ಲದ್ದಕ್ಕೆ ಏಳು ದಿನಗಳೊಳಗೆ ತೃಪ್ತಿಕರ ಸಮಜಾಯಿಷಿ ಕೊಡತಕ್ಕದ್ದು, ತಪ್ಪಿದಲ್ಲಿ ನೌಕರಿಯಿಂದ ತೆಗೆದುಹಾಕಲಾಗುವುದು.

ಚಂದ್ರಕ್ಕ ಅದನ್ನು ಓದಿ, ಮಡಿಸಿ, ದೇವರ ಗೂಡಿನಲ್ಲಿ ಇಟ್ಟಳು. ಆಮೇಲೆ ಅಕ್ಕಿ ಆರಿಸಲು ಕೂತಳು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು. ಸಮಜಾಯಿಷಿ ಬರೆಯುವ ವಿಷಯ ನನಗೆ ಬಿಡು, ಡ್ರಾಫ್ಟಿಂಗ್‌ನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದೆ.

ಶುಕ್ರವಾರ, 13 ಆಗಸ್ಟ್

ಮುಗಿಯಿತು. ಮೂರು ಪುಟ, ಎರಡು ಚಿತ್ರ. ಮೊದಲನೆಯದರಲ್ಲಿ ಎಂಜಿನ್ನಿನ ಅಡ್ಡಕೊಯ್ತ, ಎರಡನೆಯದರಲ್ಲಿ ನೀರಿನ ಸಂಚಾರ. ಕಾರಣಗಳು: ಅರಿಶಿನದ ಅತಿ ಬಳಕೆ, ಬಿಲ್ಲೆಯ ಮೇಲೆ ದಿಕ್ಕು ತೋರಿಸದ ತಯಾರಕರ ಉದಾಸೀನ, ರಸ್ತೆಯ ಏರು, ಗ್ರಾಮಾಂತರ ಮೆಕ್ಯಾನಿಕ್ಕರ ಅಜ್ಞಾನ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಅಜ್ಜಪ್ಪನವರಿಗೆ ತೋರಿಸಿದೆ. ಚಿತ್ರ ಚೆನ್ನಾಗಿದೆ ಎಂದರು.

ಚಂದ್ರಕ್ಕ ಮೂರೂ ಪುಟ ಓದಿದಳು. "ಇದ್ರಾಗೆ ನನ್ ಹೆಸ್ರು ಒಂದೇ ಸಲ ಬಂದೈತೆ. ಅದೂ ಮ್ಯಾಲೆ, ವಿಳಾಸದಾಗೆ."

ಬೇಡವಾದರೆ ಹೊಟ್ಟೆನೋವು ಎಂದು ಡಾಕ್ಟರ ಸರ್ಟಿಫಿಕೇಟು ತರುತ್ತೇನೆ, ಸುಲಭ ಎಂದೆ.

"ಗೊಬ್ರದ ಲಾರಿಯಿಂದ ನಾನು ಇಳ್ದಿದ್ದನ್ನ ನಲವತ್ ಮಕ್ಳು ನೋಡ್ಯವೆ. ಒಂದ್ ಮಗು ಬಂದು ನನ್ ಸೀರೆ ಒರಿಸ್ತು. ಆ ಮಕ್ಳ ಮುಂದೆ ಹೊಟ್ಟೆನೋವು ಅನ್ಲಾ?"

ಶನಿವಾರ, 14 ಆಗಸ್ಟ್

ಇಲ್ಲಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿದ್ದೆ. ಗುಮಾಸ್ತ ದೊಡ್ಡತಿಮ್ಮಪ್ಪನವರು ನನ್ನ ಮೂರು ಪುಟಗಳನ್ನು ಕೈಯಲ್ಲಿ ತೂಗಿ ನೋಡಿ ವಾಪಸು ಕೊಟ್ಟರು.

"ಕಾರು ಕೆಟ್ಟಿದ್ದು ಕಾರಣ ಆಗಲ್ಲ ಮೇಷ್ಟ್ರೇ. ಏಳರ ಬಸ್ಸು ಅವತ್ತು ಹೊತ್ತಿಗ್ ಸರಿಯಾಗಿ ಹೋಗೈತೆ. ಸಾಹೇಬ್ರು ಡಿಪೋದಿಂದ ಬರ್ಸಿ ತರ್ಸ್ಯಾರೆ. ಅಕ್ಕಾರು ಆ ಬಸ್ಸಿಗ್ ಯಾಕೆ ಹೋಗ್ಲಿಲ್ಲ, ಅದೊಂದೇ ಪ್ರಶ್ನೆ. ತಾವಾಗೇ ಹೋಗ್ಲಿಲ್ವೋ, ಯಾರಾದ್ರೂ ತಡದ್ರೋ? ತಡ್ದಿದ್ರೆ, ತಡದೋರು ತಮ್ ಕೈಯಾರೆ ಬರ್ದು ಕೊಟ್ರೆ ಸಾಹೇಬ್ರು ನೋಡ್ತಾರೆ."

ಮನೆಗೆ ಬಂದು, ಕಾರು ಕೆಟ್ಟದ್ದು ಕಾರಣವಾಗುವುದಿಲ್ಲವಂತೆ ಎಂದು ಚಂದ್ರಕ್ಕನಿಗೆ ತಿಳಿಸಿದೆ. ಉಳಿದ ಮಾತು ಮುಖ್ಯವಲ್ಲ.

ಭಾನುವಾರ, 15 ಆಗಸ್ಟ್

ಬೆಳಿಗ್ಗೆ ಶಾಲೆಯಲ್ಲಿ ಧ್ವಜ. ಮಧ್ಯಾಹ್ನ ಮೂರು ನಟ್ಟು ಬಿಚ್ಚಿದೆ. ದೀರ್ಘ ಚಿಂತನೆಯ ನಂತರ ಬಲ್ಬು ಎಂಜಿನ್ನಿನ ಕಡೆಗೆ, ಕೆಳಗೆ, ಇರುವುದೇ ಸೂಕ್ತವೆಂಬ ತೀರ್ಮಾನಕ್ಕೆ ನಾನೇ ಬಂದಿದ್ದೇನೆ. ತಿರುವಿ ಹಾಕಿದೆ. ಸುತ್ತಿಗೆ ಬೇಕಾಗಲಿಲ್ಲ, ತಾನಾಗಿ ಕೂತಿತು. ಕಾಲುಗಂಟೆ ಹಿಡಿಯಿತು. ಮೂವತ್ತು ಮೈಲಿ ಓಡಿಸಿ ಬಂದೆ. ಮುಳ್ಳು ನಡುವೆ ನಿಂತದ್ದು ಅಲುಗಲಿಲ್ಲ.

ಅಂಗಳದಲ್ಲಿ ಅವಳು ಸೀರೆಗೆ ಗಂಜಿ ಹಾಕುತ್ತಿದ್ದಳು.

"ಸರಿಹೋಯ್ತಾ?"

"ಹೋಯ್ತು."

"ತಿರುಗ್ಸಿ ಹಾಕಿದ್ರಾ?"

"ಹೂಂ."

ಅಷ್ಟೇ. ಅವಳು ನಕ್ಕಿದ್ದರೆ, ನಾನು ಅವತ್ತೇ ಹೇಳಿರಲಿಲ್ಲವೇ ಎಂದಿದ್ದರೆ, ನಾನೂ ರೇಗಬಹುದಿತ್ತು, ಸಮಾಧಾನವಾಗುತ್ತಿತ್ತು. ನಾಳೆ ಎಂಟಕ್ಕೆ ಹೊರಡೋಣ ಎಂದೆ. ಬಸ್ಸಿಗೆ ಹೋಗುತ್ತೇನೆ ಎಂದಳು. ಇನ್ನು ಎಷ್ಟು ದಿನ ಹೋಗುತ್ತಾಳೋ ಗೊತ್ತಿಲ್ಲ ಎಂಬುದನ್ನು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮಂಗಳವಾರ, 17 ಆಗಸ್ಟ್

ನಾಳೆ ಕೊನೆಯ ದಿನ.

ಸಂಜೆ ಚಂದ್ರಕ್ಕ ಬಸ್ಸಿಳಿದು ಬಂದವಳು ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಅವಳದೇ ಸಮಜಾಯಿಷಿ, ಎರಡು ಸಾಲು. "ದಿನಾಂಕ 5ರಂದು ನಾನು ಬಸ್ಸಿಗೆ ಹೋಗಲು ಸಾಧ್ಯವಾಗಲಿಲ್ಲ. ಕಾರಣವನ್ನು ನನ್ನ ಗಂಡ ತಿಳಿಸಬೇಕು."

"ದೊಡ್ಡತಿಮ್ಮಪ್ಪಾರನ್ನ ನಾನೂ ಕಂಡು ಬಂದೆ" ಎಂದಳು. "ನಿಮಗೆ ಏನಂದ್ರೋ ಅದನ್ನೇ ಪೂರ್ತಿ ನನಗೂ ಅಂದ್ರು. ನಂದು ನಾನು ಬರ್ದೀನಿ. ನಿಮ್ದು ಬರೀರಿ, ಇಲ್ಲ ಬಿಡ್ರಿ. ನಾನಂತೂ ಮತ್ತೆ ಕೇಳಲ್ಲ."

ಅವಳು ನೀರು ತರಲು ಹೋದಳು. ಅವ್ವ ಬಾಗಿಲ ಹತ್ತಿರ ಕಡಲೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದಳು.

"ಲೇ ಓಬ್ಳೇಶ. ಚಮ್ಚ ಅಂದಿದ್ದಕ್ಕೆ ನಾನು ಬಟ್ಲು ಅರಿಶ್ಣ ಹಾಕಿದ್ದು ತಪ್ಪು. ಒಪ್ಕಂತೀನಿ. ನೀನ್ ಏನ್ ಒಪ್ಕಂತೀಯ?"

ಬರೆಯಲು ಕೂತೆ. ಮೊದಲ ಪ್ರಯತ್ನ ಒಂದೂವರೆ ಪುಟವಾಯಿತು. ಅದರಲ್ಲಿ "ತಮಾಷೆಗಾಗಿ" ಎಂಬ ಮಾತು ಎರಡು ಕಡೆ ಬಂದಿತ್ತು. ಹೊಡೆದುಹಾಕಿದೆ. "ಅವಳ ಗೌರವದ ದೃಷ್ಟಿಯಿಂದ" ಎಂದಿದ್ದನ್ನೂ ಹೊಡೆದೆ. ಥರ್ಮೋಸ್ಟಾಟಿನ ಪ್ಯಾರಾ ಪೂರ್ತಿ ಹೋಯಿತು. ಹೊಡೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಚೀಲ, ಬೀಗ ಮತ್ತು ನಾನು.

ಯಾಕೆ ಬೀಗ ಹಾಕಿದೆ? ಇದು ದಾಖಲೆ, ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಅವಳು ಒಂದು ತಿಂಗಳು ಬಸ್ಸಿನಲ್ಲಿ ಹೋದಳು, ಒಂದು ದಿನವೂ ತಡವಾಗಲಿಲ್ಲ. ತಪಾಸಣೆಗೂ ಹಾಗೇ ಹೋಗಿ ಗೆದ್ದು ಬಂದಿದ್ದರೆ ಅವಳಿಗೆ ಕಾರು ಬೇಡ ಎಂದಾಗುತ್ತಿತ್ತು. ಕಾರು ಬೇಡವಾದರೆ ಆಮೇಲೆ ನಾನು ಯಾತಕ್ಕೆ ಎಂದು ನನಗೆ ಭಯವಾಗಿತ್ತು. ಮುಳ್ಳು ಬಲಕ್ಕೆ ವಾಲಿದ್ದನ್ನು ನೋಡಿಯೂ ಅವಳನ್ನು ಕೂರಿಸಿಕೊಂಡು ಹೋದೆ. ಏಳು ವರ್ಷ ಕಾದ ನೌಕರಿ ಅವಳದು. ನನಗೆ ನಾಚಿಕೆಯಾಗುತ್ತಿದೆ.

ಬುಧವಾರ, 18 ಆಗಸ್ಟ್

ಶಾಲೆಗೆ ಅರ್ಧ ದಿನ ರಜೆ ಹಾಕಿ, ನಡೆದುಕೊಂಡೇ ಕಚೇರಿಗೆ ಹೋದೆ. ಕೊಟ್ಟ ಕಾಗದದ ನಕಲು:

"ಆಗಸ್ಟ್ 5ರಂದು ನನ್ನ ಹೆಂಡತಿ ಚಂದ್ರಕ್ಕ ಏಳರ ಬಸ್ಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಚೀಲವನ್ನು ಕಾರಿನಲ್ಲಿಟ್ಟು ಬೀಗ ಹಾಕಿ, ಕೇಳಿದರೂ ಕೀಲಿಕೈ ಕೊಡದೆ ತಡೆದೆ. ತಪ್ಪು ನನ್ನದು. ಓಬಳೇಶಪ್ಪ."

ದೊಡ್ಡತಿಮ್ಮಪ್ಪನವರಿಗೆ ಯಾವ ಕಾಗದವನ್ನಾದರೂ ಗಟ್ಟಿಯಾಗಿ ಓದುವ ಅಭ್ಯಾಸ. ಓದಿದರು. ಆಚೆ ಮೇಜಿನ ಇಬ್ಬರು ಬರೆಯುವುದನ್ನು ನಿಲ್ಲಿಸಿದರು. ಬಾಗಿಲ ಹತ್ತಿರ ಯಾರೋ ನಕ್ಕರು. ನಾನು ನಿಂತೇ ಇದ್ದೆ.

"ಕಾರಿನ್ ವಿಷ್ಯ ಏನೂ ಇಲ್ವಲ್ಲ?"

"ಇಲ್ಲ."

"ಸಾಕ್ ಬಿಡ್ರಿ. ಇದಿದ್ರೆ ಸಾಹೇಬ್ರು ಒಪ್ತಾರೆ, ಇನ್ನೊಂದ್ಸಲ ಬಂದು ಪಾಠ ನೋಡ್ತಾರೆ. ಅಕ್ಕಾರ ನೌಕ್ರಿಗೆ ಏನೂ ಆಗಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ಮೇಷ್ಟ್ರೇ, ಇದನ್ನ ಅವರ ಸರ್ವಿಸ್ ಪುಸ್ತಕದಾಗೆ ಅಂಟಿಸ್ಬೇಕಾಗ್ತೈತೆ. ಒಂದ್ಸಲ ಅಂಟಿಸಿದ್ರೆ ಕೀಳಾಕ್ ಬರಲ್ಲ. ಬರಾ ಸಾಹೇಬ್ರೆಲ್ಲ ಓದ್ತಾರೆ. ಇನ್ನೊಂದ್ ಸಲ ಯೋಚ್ನೆ ಮಾಡ್ರಿ."

"ಎಷ್ಟು ವರ್ಷ ಇರುತ್ತೆ?"

"ಅವ್ರು ರಿಟೈರಾಗಾ ತನ್ಕ."

ಚಂದ್ರಕ್ಕನಿಗೆ ಈಗ ಇಪ್ಪತ್ತೆಂಟು. ಐವತ್ತೈದು ತುಂಬಲು ಇನ್ನು ಇಪ್ಪತ್ತೇಳು ವರ್ಷ. ಧರ್ಮಪುರವೋ, ಭರಮಸಾಗರವೋ, ಅವಳು ಎಲ್ಲಿಗೆ ವರ್ಗವಾಗಿ ಹೋದರೂ ನಾನು ಬೀಗ ಹಾಕಿದ ಸಂಗತಿ ಅವಳ ಹಿಂದೆಯೇ ಹೋಗುತ್ತದೆ. ಇಪ್ಪತ್ತೇಳು ವರ್ಷ ಅವಳು ಟೀಚರಾಗಿರುತ್ತಾಳೆ ಎಂದೂ ಆಯಿತು.

ಗೋಂದಿನ ಬಾಟಲಿ ಮೇಜಿನ ಈ ತುದಿಯಲ್ಲಿ, ನನ್ನ ಹತ್ತಿರ ಇತ್ತು. ನಾನೇ ಮುಚ್ಚಳ ತೆಗೆದು ಅವರ ಕಡೆ ಸರಿಸಿದೆ.